ಶರಾವತಿಯ ನೀರು, ಯಲಹಂಕದ ಎಣ್ಣೆ

ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಯೇ ನಾಡಿನ ದೀಪವೆಂದು ತರಗತಿಯಲ್ಲಿ ನಾನು ಎಷ್ಟೋ ವರ್ಷ ಹೇಳಿದ್ದುಂಟು. ಅದು ಅತಿಶಯೋಕ್ತಿಯಲ್ಲ. 1948ರಲ್ಲಿ ಜೋಗದ ಬಳಿ ವಿದ್ಯುದಾಗಾರ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಬಳಿಕ ಬಂದ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಸಾಮರ್ಥ್ಯ ಇಂದು 1035 ಮೆಗಾವಾಟ್. ನಮ್ಮ ಗೇರುಸೊಪ್ಪೆಯದು 240.

1985ರಲ್ಲಿ ರಾಯಚೂರಿನ ಕಲ್ಲಿದ್ದಲು ಸ್ಥಾವರ ಆರಂಭವಾಗುವವರೆಗೆ ರಾಜ್ಯವು ತಾನೇ ಉತ್ಪಾದಿಸುತ್ತಿದ್ದ ವಿದ್ಯುತ್ತು ಬಹುಮಟ್ಟಿಗೆ ನೀರಿನದೇ. ಮಳೆಗಾಲ ಸೋತರೆ ದೀಪವೂ ಸೋಲುತ್ತಿತ್ತು. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ಪತ್ರಿಕೆಯಲ್ಲಿ ಆ ಅಂಕಿಯತ್ತ ಎಷ್ಟು ಅಡಿ ಬಾಕಿ ಎಂದು ನೋಡುವ ಅಭ್ಯಾಸ ನನ್ನನ್ನು ಇನ್ನೂ ಬಿಟ್ಟಿಲ್ಲ.

ಈ ಅಭದ್ರತೆಗೆ ಒತ್ತಾಸೆಯಾಗಿ 1993ರ ಸುಮಾರಿಗೆ ಕರ್ನಾಟಕ ವಿದ್ಯುತ್ ನಿಗಮವು ಬೆಂಗಳೂರಿನ ಸೆರಗಿನ ಯಲಹಂಕದಲ್ಲಿ ಆರು ಡೀಸೆಲ್ ಯಂತ್ರಗಳನ್ನು ಸ್ಥಾಪಿಸಿತು. ಕಲ್ಲಿದ್ದಲಿನ ಬಾಯ್ಲರು ತಣ್ಣಗಿದ್ದರೆ ಅದನ್ನು ಕಾಯಿಸಿ ಸಿದ್ಧಪಡಿಸಲು ಗಂಟೆಗಟ್ಟಲೆ ಬೇಕು. ಎಣ್ಣೆಯ ಯಂತ್ರವಾದರೋ ಕೆಲವೇ ನಿಮಿಷಗಳಲ್ಲಿ ಎದ್ದು ನಿಲ್ಲುತ್ತದೆ. ಇಂಥ ಭಾರಿ ಯಂತ್ರಗಳು ಉರಿಸುವುದು ಹೆಚ್ಚಾಗಿ ಫರ್ನೇಸ್ ಆಯಿಲ್. ಮಂದವಾದ ಆ ಎಣ್ಣೆಯನ್ನು ಮೊದಲು ಬಿಸಿಮಾಡಿ ತೆಳುವಾಗಿಸಬೇಕು. ಒಂದು ಯೂನಿಟ್ಟಿಗೆ ಸರಿಸುಮಾರು 200 ಗ್ರಾಂ ಬೇಕು. ನೀರು ಆಕಾಶದಿಂದ ಬರುತ್ತದೆ. ಎಣ್ಣೆಗೆ ಪ್ರತಿ ಸಲವೂ ಹಣ ತೆರಬೇಕು.

2001ರಲ್ಲಿ ಬೆಳಗಾವಿಯಲ್ಲಿ ಟಾಟಾದವರ 81 ಮೆಗಾವಾಟಿನ ಎಣ್ಣೆ ಸ್ಥಾವರವೂ ಬಂತು. ಇಂಥ ಖಾಸಗಿ ಸ್ಥಾವರಗಳ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಸ್ಥಿರ ಶುಲ್ಕವೊಂದು ಇರುತ್ತದೆ: ಯಂತ್ರ ಸುಮ್ಮನೆ ನಿಂತಿದ್ದರೂ ಅದನ್ನು ಕೊಡಲೇಬೇಕು. ಇದು ದಂಡವೆಂದು ಹಲವರು ಗೊಣಗಿದ್ದನ್ನು ಕೇಳಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಎಣ್ಣೆಯ ವಿದ್ಯುತ್ತು ತನ್ನ ಬೆಲೆಯನ್ನು ಬಿಲ್ಲಿನಲ್ಲೇ ಬರೆದು ತೋರಿಸಿತು. ಅಗ್ಗವೆಂದು ನಾವು ಹೊಗಳಿದ ನೀರಿನ ವಿದ್ಯುತ್ತಿನ ಬೆಲೆಯ ದೊಡ್ಡ ಪಾಲನ್ನು ತೆತ್ತವರು ಲಿಂಗನಮಕ್ಕಿಯಲ್ಲಿ ಗದ್ದೆ, ತೋಟ, ದೇವಸ್ಥಾನಗಳನ್ನು ಮುಳುಗಿಸಿಕೊಂಡು ಗುಳೆ ಎದ್ದ ಕುಟುಂಬಗಳು. ಅದು ಯಾವ ಬಿಲ್ಲಿನಲ್ಲೂ ಬರಲಿಲ್ಲ. ಇದನ್ನು ನಿಮ್ಮ ಪಠ್ಯಪುಸ್ತಕವೂ ಹೇಳಲಿಲ್ಲವೆಂಬುದು ನಿಮಗೆ ನೆನಪಿರಬಹುದು.

ಯಲಹಂಕದ ಡೀಸೆಲ್ ಯಂತ್ರಗಳು ಈಗಿಲ್ಲ. ಅಲ್ಲೀಗ 370 ಮೆಗಾವಾಟಿನ ಅನಿಲ ಸ್ಥಾವರವಿದೆ. ದಾಭೋಳದಿಂದ ಬೆಂಗಳೂರಿಗೆ ಅನಿಲದ ಕೊಳವೆ ಬಂದದ್ದು 2013ರಲ್ಲಿ. ನಮ್ಮ ಕುಮಟೆಯ ಅಘನಾಶಿನಿ ಮಾತ್ರ ಇಂದಿಗೂ ಅಣೆಕಟ್ಟು ಕಾಣದೆ ಹರಿಯುತ್ತಿದೆ.