ಗಂಜಲದ ಗಾಳಿ, ಹಿತ್ತಾಳೆಯ ಬಿರುಕು

ಕತಾರ್‌ಗಾಮಿನ ನಮ್ಮ ಬಾಡಿಗೆ ಮನೆಯ ಮೇಜಿನ ಮೇಲೆ ಹಿತ್ತಾಳೆಯ ಹಳೆಯ ತೋಟಾ ಒಂದಿದೆ. ಹನ್ನೆರಡು ಬೋರಿನ ಕೋವಿಯದು. ಒಳಗೆ ಮದ್ದಿಲ್ಲ, ಚರೆಯಿಲ್ಲ, ಕೇಪೂ ಇಲ್ಲ. ಬರೀ ಖಾಲಿ ಚಿಪ್ಪು. ಬಾಯಿಯಿಂದ ಕೆಳಕ್ಕೆ ಒಂದು ಬೆರಳಿನಷ್ಟು ಉದ್ದಕ್ಕೆ ನೆಟ್ಟಗೆ ಸೀಳಿದೆ. ಸಕಲೇಶಪುರ ಸೀಮೆಯ ನಮ್ಮ ಹಳೆಯ ಮನೆಯನ್ನು ಕೆಡವುವಾಗ ಸಿಕ್ಕಿದ್ದನ್ನು ನೆನಪಿಗೆಂದು ತಂದಿಟ್ಟುಕೊಂಡೆ. ಪಕ್ಕದ ಮನೆಯ ಭಾಯಿ ವಜ್ರದ ಘಂಟಿಯ ಮೇಲೆ ಮೂವತ್ತು ವರ್ಷ ಕೂತವರು. ಒಂದು ಸಂಜೆ ಚಹಾಕ್ಕೆ ಬಂದವರು ಅದನ್ನು ಕೈಗೆತ್ತಿಕೊಂಡು, ಜೇಬಿನಿಂದ ಐ-ಗ್ಲಾಸ್ ತೆಗೆದು ನೋಡಿ, "ಇದು ಪೆಟ್ಟು ಬಿದ್ದು ಒಡೆದದ್ದಲ್ಲ. ಇದು ಟೆನ್ಶನ್" ಎಂದರು.

ಸೂರತ್ತಿನ ವಜ್ರದ ಕೆಲಸದಲ್ಲಿ ಟೆನ್ಶನ್ ಎಂದರೆ ಮನಸ್ಸಿನದಲ್ಲ, ಕಲ್ಲಿನದು. ಕಚ್ಚಾ ವಜ್ರದ ಒಳಗೆ ಹುಟ್ಟಿನಿಂದಲೇ ಬಿಗಿತ ಇರುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಘಂಟಿಗೆ ಕೊಟ್ಟಾಗಲೋ ಲೇಸರಿನಲ್ಲಿ ಕೊಯ್ಯುವಾಗಲೋ ಫಟ್ಟೆಂದು ಸೀಳುತ್ತದೆ. ಈಗ ಧ್ರುವೀಕೃತ ಬೆಳಕಿನಲ್ಲಿಟ್ಟು ಮೊದಲೇ ಆ ಬಿಗಿತವನ್ನು ನೋಡುತ್ತಾರೆ. "ಮೊದಲೆಲ್ಲ ಕಲ್ಲು ಒಡೆದರೆ ತಪ್ಪು ಯಾರದು? ಕೈಯಲ್ಲಿ ಹಿಡಿದವನದು. ಪಗಾರದಲ್ಲಿ ಕಟ್" ಎಂದು ಭಾಯಿ ನಕ್ಕರು. ನನಗೆ ನಗು ಬರಲಿಲ್ಲ. ಆ ತೋಟಾದ ಹಿಂದೆಯೂ ಅಂಥದೇ ಒಂದು ಕತೆಯಿತ್ತು.

ಅದು ನಾನು ಹುಟ್ಟುವ ಮೊದಲಿನದು, ಅಮ್ಮ ಹೇಳಿದ್ದು. ಅಜ್ಜನ ಹತ್ತಿರ ಲೈಸೆನ್ಸ್ ಕೋವಿ ಇತ್ತು. ಭತ್ತದ ಗದ್ದೆಗೆ ಹಂದಿ, ಬಾಳೆಗೆ ಮಂಗ. ಕೋವಿಯಿಲ್ಲದೆ ಬೆಳೆ ಮನೆ ಸೇರುತ್ತಿರಲಿಲ್ಲ. ಕಾಗದದ ತೋಟಾ ಮಲೆನಾಡಿನ ಮಳೆಗೆ ಊದಿಕೊಂಡು ನಳಿಗೆಗೆ ಹೋಗುತ್ತಿರಲಿಲ್ಲ. ಹಿತ್ತಾಳೆಯದಾದರೆ ಊದುವುದಿಲ್ಲ, ಮತ್ತೆ ಮತ್ತೆ ತುಂಬಬಹುದು. ಈಡಾದ ಖಾಲಿ ತೋಟಾಗಳನ್ನು ತೊಳೆಯುವ ಕೆಲಸ ಮನೆಯ ಆಳೊಬ್ಬನದು. ಮಕ್ಕಳೆಲ್ಲ ಅವನನ್ನು ಕೋವಿಯಣ್ಣ ಎನ್ನುತ್ತಿದ್ದರಂತೆ. ಅವತ್ತಿನದನ್ನು ಅವತ್ತೇ ತೊಳೆಯಬೇಕು, ರಾತ್ರಿ ಉಳಿಸಬಾರದು ಎಂಬುದು ಅವನ ನೇಮ. ಸುಟ್ಟ ಕೇಪನ್ನು ಮೊಳೆಯಿಂದ ಹೊರದಬ್ಬಿ, ಹಂಡೆಯ ಬಿಸಿನೀರಿನಲ್ಲಿ ನೆನೆಹಾಕಿ, ಹುಣಸೆಹಣ್ಣು ಹಚ್ಚಿ, ತೆಂಗಿನ ನಾರಿನಿಂದ ಒಳಗೂ ಹೊರಗೂ ಉಜ್ಜಿ, ಮತ್ತೆ ಬಿಸಿನೀರಿನಲ್ಲಿ ಜಾಲಿಸಿ, ಒಲೆಯ ದಂಡೆಯ ಮೇಲೆ ಬಾಯಿ ಕೆಳಗಾಗಿಸಿ ಒಣಗಿಸುತ್ತಿದ್ದ.

ಒಂದು ವರ್ಷ ಮಳೆಗಾಲ ಕಳೆದು ಪೆಟ್ಟಿಗೆ ತೆರೆದರೆ ಅರ್ಧಕ್ಕರ್ಧ ತೋಟಾಗಳ ಬಾಯಿ ಸೀಳಿತ್ತು. ಅಜ್ಜ ಸಿಟ್ಟಾದರು. ಹುಣಸೆ ಹೆಚ್ಚು ಹಾಕಿ ತಿಂದುಹೋಗುವ ಹಾಗೆ ಮಾಡಿದ್ದಾನೆ, ಕೇಪು ತೆಗೆಯುವಾಗ ಬಡಿದಿದ್ದಾನೆ ಎಂದರು. ಅಜ್ಜನ ಲೆಕ್ಕದ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ 'ತೋಟಾ ಹಾಳು ಮಾಡಿದ ಬಾಬ್ತು, 8 ರೂಪಾಯಿ ಮುರಿದದ್ದು' ಎಂದು ಬರೆದಿದೆ. ಅವನು ಎದುರು ಮಾತಾಡಲಿಲ್ಲವಂತೆ. ಆದರೆ ಆಮೇಲೆ ತೋಟಾದ ಪೆಟ್ಟಿಗೆಯನ್ನು ಒಮ್ಮೆಯೂ ಮುಟ್ಟಲಿಲ್ಲ.

ಭಾಯಿಯ ಮಾತು ಕೇಳಿದ ಮೇಲೆ ಹಿತ್ತಾಳೆಯ ಚರಿತ್ರೆ ಓದಲು ಕೂತೆ. ನಮ್ಮ ಹಿತ್ತಾಳೆಯೇ ಗುಜರಾತಿಯ ಪಿತ್ತಳ; ಹಳೆಯ ಪಕಾರ ಕನ್ನಡದಲ್ಲಿ ಹಕಾರವಾಗಿದೆ, ಅಷ್ಟೇ. ತಾಮ್ರ ಮತ್ತು ಸತು ಕೂಡಿದರೆ ಹಿತ್ತಾಳೆ. ಹದಿನೇಳನೆಯ ಶತಮಾನದಲ್ಲಿ ಡಚ್ಚರು ಜಪಾನಿನ ತಾಮ್ರವನ್ನು ಹಡಗಿನಲ್ಲಿ ತಂದು ಇಳಿಸಿದ ಬಂದರುಗಳಲ್ಲಿ ಈ ಸೂರತ್ತೂ ಒಂದು. ಸತುವನ್ನು ಭಟ್ಟಿ ಇಳಿಸುವ ವಿದ್ಯೆ ಇಲ್ಲಿಂದ ಬಡಗಣಕ್ಕಿರುವ ಮೇವಾಡದ ಜಾವರ್ ಗಣಿಗಳಲ್ಲಿ ಯುರೋಪಿಗಿಂತ ಶತಮಾನಗಳ ಮೊದಲೇ ಇತ್ತು. ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು ಸೇರಿದ ಹಿತ್ತಾಳೆಗೆ ಇಂದಿಗೂ ತೋಟಾದ ಹಿತ್ತಾಳೆ ಎಂದೇ ಹೆಸರು. ಅದನ್ನು ತಣ್ಣಗಿರುವಾಗಲೇ ಎಳೆದು ಆಳವಾದ ಬಟ್ಟಲಾಗಿಸಬಹುದು. ಮದ್ದು ಸಿಡಿದಾಗ ಅದು ಹಿಗ್ಗಿ ನಳಿಗೆಯ ಗೋಡೆಗೆ ಒತ್ತಿಕೊಂಡು ಹೊಗೆ ಹಿಂದಕ್ಕೆ ಬರದಂತೆ ತಡೆಯುತ್ತದೆ. ಮರುಗಳಿಗೆ ಕೊಂಚ ಕುಗ್ಗಿ ಸಲೀಸಾಗಿ ಹೊರಬರುತ್ತದೆ.

1857ರ ದಂಗೆಗೆ ಕಿಡಿ ಹಚ್ಚಿದ ಎನ್‌ಫೀಲ್ಡ್ ತೋಟಾ ಕಾಗದದ್ದು. ಹಲ್ಲಿನಿಂದ ಕಚ್ಚಿ ಹರಿಯಬೇಕಾದ ಅದಕ್ಕೆ ಸವರಿದ ಕೊಬ್ಬು ಯಾವುದು ಎಂಬುದೇ ಜಗಳ. ಅದಾದ ಹತ್ತು ವರ್ಷದೊಳಗೆ, 1866ರಲ್ಲಿ, ವುಲಿಚ್‌ನ ಎಡ್ವರ್ಡ್ ಬಾಕ್ಸರ್ ಎಂಬ ಅಧಿಕಾರಿ ತೆಳು ಹಿತ್ತಾಳೆ ತಗಡನ್ನು ಸುತ್ತಿ ತೋಟಾ ಮಾಡಿದ. ಕಚ್ಚುವ ಪ್ರಶ್ನೆಯೇ ಹೋಯಿತು. 1869ರಲ್ಲಿ ಪುಣೆಯ ಬಳಿಯ ಖಡ್ಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆ ಶುರುವಾಯಿತು. 1885ರ ಸುಡಾನ್ ಯುದ್ಧದಲ್ಲಿ ಸುತ್ತಿದ ತಗಡಿನ ತೋಟಾಗಳು ಬಿಸಿಯಾದ ಬಂದೂಕಿನೊಳಗೆ ಹರಿದು ಸಿಕ್ಕಿಕೊಂಡವು; ಸೈನಿಕರ ಜೀವಕ್ಕೇ ಬಂತು. ಆಮೇಲೆ ಬ್ರಿಟಿಷರು ಒಂದೇ ಬಿಲ್ಲೆಯಿಂದ ಎಳೆದು ಮಾಡಿದ ಗಟ್ಟಿ ಹಿತ್ತಾಳೆಗೆ ಬದಲಾದರು. ಹರಿಯುವ ಕಾಟ ತಪ್ಪಿತು. ಆದರೆ ಹಾಗೆ ಎಳೆಯುವಾಗ ಲೋಹದೊಳಗೆ ಬಿಗಿತವೊಂದು ಉಳಿದುಬಿಡುತ್ತದೆ. ಭಾಯಿ ಹೇಳಿದ ಟೆನ್ಶನ್ ಅದೇ.

ಈಗ ತೊಳೆಯುವ ವಿಷಯ. ಕೋವಿಯಣ್ಣನ ನೇಮಕ್ಕೆ ಗಟ್ಟಿ ಕಾರಣವಿತ್ತು. ಕರಿಮದ್ದೆಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಅದು ಉರಿದ ಮೇಲೆ ಅರ್ಧಕ್ಕಿಂತ ಹೆಚ್ಚು ಪಾಲು ಹೊಗೆಯಾಗದೆ ಘನರೂಪದಲ್ಲೇ ಉಳಿಯುತ್ತದೆ: ಪೊಟ್ಯಾಸಿಯಮ್ಮಿನ ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡ್. ಇವು ಗಾಳಿಯ ತೇವ ಹೀರಿ ರಾತ್ರಿ ಬೆಳಗಾಗುವುದರೊಳಗೆ ಹಿತ್ತಾಳೆಯನ್ನು ಕಪ್ಪಾಗಿಸಿ ತಿನ್ನತೊಡಗುತ್ತವೆ. ಎಲ್ಲವೂ ಲವಣಗಳಾದ್ದರಿಂದ ಎಣ್ಣೆಗೆ ಬಗ್ಗುವುದಿಲ್ಲ, ಬಿಸಿನೀರಿಗೆ ಕರಗುತ್ತವೆ. ಹುಣಸೆಯ ಟಾರ್ಟಾರಿಕ್ ಆಮ್ಲ ಮೇಲಿನ ಕಿಲುಬನ್ನಷ್ಟೇ ಕರಗಿಸುತ್ತದೆ. ಇಲ್ಲಿನ ಅಕ್ಕಪಕ್ಕದ ಮನೆಯವರು ಅದೇ ಕೆಲಸಕ್ಕೆ 'ಲಿಂಬು ನಾ ಫೂಲ್', ಅಂದರೆ ಸಿಟ್ರಿಕ್ ಆಮ್ಲದ ಹರಳು, ಬಳಸುತ್ತಾರೆ. ತುಂಬ ಹೊತ್ತು ಬಿಟ್ಟರೆ ಸತು ಕರಗಿ ತಾಮ್ರದ ಕೆಂಪು ಮೇಲೇಳುತ್ತದೆ; ದೇವರ ದೀಪವನ್ನು ಹುಣಸೆಯಲ್ಲಿ ಮರೆತ ಯಾರಿಗಾದರೂ ಆ ಬಣ್ಣ ಗೊತ್ತು. ನನ್ನ ಮೇಜಿನ ಮೇಲಿನ ತೋಟಾದಲ್ಲಿ ಆ ಕೆಂಪಿಲ್ಲ. ಬಡಿದ ಗುರುತೂ ಇಲ್ಲ. ಸೀಳಿನ ಅಂಚಿನಲ್ಲಿ ಮಾಸಿದ ನೀಲಿ ಕಲೆಯಿದೆ.

ಕೊಡಗಿನಲ್ಲಿ ಈ ಆರೈಕೆ ಹಬ್ಬದ ಭಾಗ. 1861ರಲ್ಲಿ ಮಾರ್ಕ್ ಕಬ್ಬನ್ ಕೊಡಗಿನವರನ್ನು ನಿರಾಯುಧೀಕರಣ ಕಾಯ್ದೆಯಿಂದ ಹೊರಗಿಟ್ಟ. ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸೆಪ್ಟೆಂಬರಿನ ಕೈಲ್‌ಪೋದ್‌ನಲ್ಲಿ ಕೋವಿಗಳನ್ನು ಶುಚಿಮಾಡಿ, ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಮಳೆಗಾಲದ ಕೊನೆಗೆ ಆಯುಧ ಹೊರತೆಗೆದು ಕಿಲುಬು ತಿಕ್ಕುವ ಪದ್ಧತಿಯಲ್ಲಿ ಭಕ್ತಿಯ ಜೊತೆಗೆ ಬುದ್ಧಿಯೂ ಇದೆ.

ಮಳೆಗಾಲವೇ ಬ್ರಿಟಿಷರನ್ನೂ ಕಾಡಿದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದಲ್ಲಿದ್ದ ಅವರ ಸೇನೆ ಮಳೆ ಮುಗಿಯುವವರೆಗೆ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಬೇಸಿಗೆಗೆ ಮುನ್ನ ತೆಗೆದರೆ, ಒಮ್ಮೆಯೂ ಹಾರಿಸದ ಹೊಸ ತೋಟಾಗಳೇ ಸೀಳಿರುತ್ತಿದ್ದವು. ಅದರಲ್ಲೂ ಗುಂಡನ್ನು ಬಿಗಿಯಾಗಿ ಕಚ್ಚಿ ಹಿಡಿದ ಕುತ್ತಿಗೆಯ ಜಾಗದಲ್ಲಿ. ಕಾಲ ಬಂದಾಗ ಬರುವ ರೋಗವೆಂದು ಅದಕ್ಕೆ 'ಸೀಸನ್ ಕ್ರ್ಯಾಕಿಂಗ್' ಎಂದು ಹೆಸರಿಟ್ಟರು. ಹೆಸರು ಸಿಕ್ಕಿತು, ಕಾರಣ ಸಿಗಲಿಲ್ಲ.

ಕಾರಣ ಬಯಲಾದದ್ದು 1921ರಲ್ಲಿ. ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ಬ್ರಿಟಿಷ್ ಲೋಹತಜ್ಞರು ಎರಡು ಎಳೆಗಳನ್ನು ಒಟ್ಟಿಗೆ ಹಿಡಿದರು. ಒಂದು, ತಣ್ಣಗೆ ಎಳೆದ ಹಿತ್ತಾಳೆಯೊಳಗಿನ ಬಿಗಿತ. ಇನ್ನೊಂದು, ಕುದುರೆಯ ಉಚ್ಚೆ ಕೊಳೆತು ಏಳುವ ಅಮೋನಿಯ. ಬಿಗಿತವಿಲ್ಲದ ಹಿತ್ತಾಳೆಗೆ ಅಮೋನಿಯ ತಾಗಿದರೆ ಬಣ್ಣ ಕೆಡುತ್ತದೆ, ಅಷ್ಟೇ. ಅಮೋನಿಯವಿಲ್ಲದ ಕಡೆ ಬಿಗಿತದ ಹಿತ್ತಾಳೆ ಎಷ್ಟೋ ಕಾಲ ಸುಮ್ಮನಿರುತ್ತದೆ. ತೇವದ ಗಾಳಿಯಲ್ಲಿ ಎರಡೂ ಕೂಡಿದರೆ ಲೋಹದ ಹರಳುಗಳ ನಡುವಿನ ಸಂದಿನಲ್ಲಿ ತಾಮ್ರ ಕರಗುತ್ತಾ ಹೋಗಿ ಬಿರುಕು ಇಳಿಯುತ್ತದೆ. ತಾಮ್ರಕ್ಕೆ ಅಮೋನಿಯ ಕೂಡಿದಾಗ ಹುಟ್ಟುವ ಬಣ್ಣ ನೀಲಿ. ಮದ್ದು ಸರಳವಾಗಿತ್ತು: ಮಾಡಿದ ತೋಟಾವನ್ನು ಹದವಾಗಿ ಕಾಯಿಸಿ ಒಳಗಿನ ಬಿಗಿತ ಇಳಿಸುವುದು, ಲಾಯದಿಂದ ದೂರ ಇಡುವುದು. ಇಂದಿನ ಸೈನ್ಯದ ತೋಟಾಗಳ ಕುತ್ತಿಗೆಯಲ್ಲಿ ಕಾಣುವ ನೀಲಿ ಛಾಯೆ ಬೇರೆ. ಅದು ಹಾಗೆ ಕಾಯಿಸಿದ ಗುರುತು.

ಇಂಥದೇ ಪಾಠ ಅಮೆರಿಕದಲ್ಲೂ ಆಗಿತ್ತು. ಅಲ್ಲಿನ ಸೇನೆ ಖಾಲಿ ತೋಟಾಗಳನ್ನು ತೊಳೆದು ಮತ್ತೆ ತುಂಬುತ್ತಿತ್ತು. ಆಗಿನ ಕೇಪಿನಲ್ಲಿ ಪಾದರಸದ ಫಲ್ಮಿನೇಟ್ ಇರುತ್ತಿತ್ತು. ಸಿಡಿದ ಮೇಲೆ ಪಾದರಸ ಹಿತ್ತಾಳೆಯೊಳಗೆ ಸೇರಿ ಅದನ್ನು ಪೆಡಸಾಗಿಸುತ್ತಿತ್ತು. ಕರಿಮದ್ದಿದ್ದಾಗ ದಪ್ಪ ಮಸಿ ಅದನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಹೊಗೆಯಿಲ್ಲದ ಹೊಸ ಮದ್ದು ಬಂದಾಗ ಆ ತಡೆ ಹೋಯಿತು. ಎಷ್ಟು ಚೆನ್ನಾಗಿ ತೊಳೆದರೂ ಎರಡನೆಯ ಈಡಿಗೆ ಸೀಳತೊಡಗಿದವು. ಕೊನೆಗೆ 1898ರ ಹೊತ್ತಿಗೆ ಪಾದರಸವಿಲ್ಲದ ಕೇಪಿಗೆ ಬದಲಾದರು. ಅಲ್ಲಿಯೂ ದೋಷ ತೊಳೆದವನ ಕೈಯಲ್ಲಿರಲಿಲ್ಲ, ತೋಟಾದೊಳಗೇ ಇತ್ತು.

ಈಗ ಗುರಿಕಾರರು ಖಾಲಿ ತೋಟಾಗಳನ್ನು ಅಕ್ರೋಟಿನ ಚಿಪ್ಪಿನ ಪುಡಿಯ ಜೊತೆ ಡ್ರಮ್ಮಿನಲ್ಲಿ ಉರುಳಿಸುತ್ತಾರೆ, ಇಲ್ಲವೇ ನೀರಿನಲ್ಲಿ ಸ್ಟೀಲಿನ ಸಣ್ಣ ಕಡ್ಡಿಗಳ ಜೊತೆ. ಬರಿ ಪುಡಿಯಲ್ಲಿ ಉರುಳಿಸಿದರೆ ಕೇಪಿನ ಸೀಸ ದೂಳಾಗಿ ಏಳುತ್ತದೆ. ಮನೆಯೊಳಗೆ, ಮಕ್ಕಳ ಹತ್ತಿರ ಮಾಡುವ ಕೆಲಸವಲ್ಲ ಅದು. ಅಮೋನಿಯ ಬೆರೆತ ಹಿತ್ತಾಳೆ ಪಾಲಿಶ್ ಹಚ್ಚಬಾರದೆಂಬ ಎಚ್ಚರಿಕೆ ಮಾತ್ರ ಹಳೆಯ ಲಾಯದ ಕಾಲದಿಂದ ಹಾಗೆಯೇ ಬಂದಿದೆ. ನಮ್ಮಲ್ಲಿ ಬೇಟೆ 1972ರ ವನ್ಯಜೀವಿ ಕಾಯ್ದೆಯಿಂದ ನಿಂತಿತು. ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ.

ಇಷ್ಟು ಓದಿದ ಮೇಲೆ ಅಮ್ಮನಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: "ಆ ವರ್ಷ ಮಳೆಗಾಲದಲ್ಲಿ ತೋಟಾದ ಪೆಟ್ಟಿಗೆ ಎಲ್ಲಿಟ್ಟಿದ್ದರು?"

ಅಮ್ಮ ಯೋಚಿಸಲೂ ಇಲ್ಲ. "ಒಳಗಡೆ ಸೋರ್ತಿತ್ತು ಅಂತ ಕೊಟ್ಟಿಗೆ ಅಟ್ಟದ ಮೇಲೆ. ಅಲ್ಲಿ ಬೆಚ್ಚಗಿರುತ್ತೆ ಅಂತ ನಿಮ್ಮಜ್ಜನೇ ಇಡಿಸಿದ್ರು."

ಕೆಳಗೆ ಹನ್ನೆರಡು ದನ. ನಾಲ್ಕು ತಿಂಗಳ ಮಳೆ. ಗಂಜಲದ ಗಾಳಿ ಮೇಲಕ್ಕೆದ್ದು ಅಟ್ಟದಲ್ಲಿ ಕಟ್ಟಿಕೊಂಡಿರುತ್ತದೆ. ಈಡಾಗಿ ಈಡಾಗಿ ಬಿರುಸಾದ ಹಿತ್ತಾಳೆಯ ಬಾಯಿ. ನಾನು ಈ ಚಿಪ್ಪನ್ನು ಯಾವ ಪ್ರಯೋಗಾಲಯಕ್ಕೂ ಕೊಟ್ಟಿಲ್ಲ. ಆದರೆ ನೆಟ್ಟನೆಯ ಸೀಳು, ನೀಲಿ ಕಲೆ, ಮಳೆಗಾಲ, ಕೊಟ್ಟಿಗೆ ಅಟ್ಟ, ಈ ನಾಲ್ಕೂ ಒಂದೇ ಕಡೆ ಬೆರಳು ತೋರಿಸುತ್ತವೆ. ಅವನು ತೊಳೆದದ್ದು ಸರಿಯಾಗಿಯೇ ಇತ್ತು. ಅಜ್ಜನೂ ಕೆಟ್ಟವರಲ್ಲ; ಕಣ್ಣಿಗೆ ಕಾಣದ ಕಾರಣಕ್ಕೆ ಕಣ್ಣೆದುರು ನಿಂತಿದ್ದ ಮನುಷ್ಯ ಸಿಕ್ಕಿದ. 1921ರಲ್ಲೇ ಅಚ್ಚಾದ ಉತ್ತರ ನಲವತ್ತು ವರ್ಷ ಕಳೆದರೂ ಕಾಫಿ ತೋಟದ ನಡುವಿನ ಆ ಮನೆಗೆ ತಲುಪಿರಲಿಲ್ಲ.

ಎಲ್ಲ ಕೇಳಿ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅವನಂತೂ ಹೋದ. ಮಗ ಊರಲ್ಲೇ ಇದ್ದಾನಲ್ಲ. ಈ ಸಲ ದೀಪಾವಳಿಗೆ ಬಂದಾಗ ನೀನೇ ಹೋಗಿ ಹೇಳು" ಎಂದರು.

ದೀಪಾವಳಿಗೆ ಕತಾರ್‌ಗಾಮಿನ ವಜ್ರದ ಕಾರ್ಖಾನೆಗಳೆಲ್ಲ ಮುಚ್ಚಿ ಓಣಿಗಳು ಖಾಲಿಯಾಗುತ್ತವೆ. ಎಲ್ಲರೂ ಸೌರಾಷ್ಟ್ರದ ತಮ್ಮ ಹಳ್ಳಿಗಳಿಗೆ ಹೊರಡುತ್ತಾರೆ. ನಾನೂ ಟಿಕೆಟ್ ಮಾಡಿಸಿದ್ದೇನೆ. ತೋಟಾವನ್ನು ತಿಕ್ಕಿಲ್ಲ. ಆ ನೀಲಿ ಕಲೆಯನ್ನು ಅವನ ಮಗನಿಗೆ ತೋರಿಸಬೇಕು.