ಡ್ಯೂಟಿ ಮುಗಿದ ಮೇಲಿನ ನಗು

‘ಪಾಪ ಪಾಂಡು’ ಅಂದ ಕೂಡಲೇ ನಿಮಗೆ ಚಿದಾನಂದ್ ನೆನಪಾಗ್ತಾರೆ, ಶಾಲಿನಿ ನೆನಪಾಗ್ತಾರೆ. ಅದನ್ನ ಬರೆದವರು ಯಾರು ಅಂತ ಕೇಳಿದರೆ? ನನ್ನ ಆಫೀಸಿನಲ್ಲಿ ಆರು ಜನ ಕನ್ನಡಿಗರನ್ನ ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ಎಂ. ಎಸ್. ನರಸಿಂಹಮೂರ್ತಿ ಅನ್ನೋ ಹೆಸರು ಟೈಟಲ್ ಕಾರ್ಡಿನಲ್ಲಿ ಬಂದು ಹೋಗುವಷ್ಟರಲ್ಲಿ ನಾವೆಲ್ಲ ತಟ್ಟೆಗೆ ಅನ್ನ ಹಾಕಿಸಿಕೊಳ್ತಾ ಇದ್ವಿ.

ಶಿವಮೊಗ್ಗದಲ್ಲಿ ಬಿಇ ಓದುವಾಗ ಇಂಥದ್ದೇ ಧಾರಾವಾಹಿಗಳಿಗೆ ಬರೆಯುತ್ತಿದ್ದ ಒಬ್ಬರು ಕ್ಯಾಂಪಸ್ಸಿಗೆ ಬಂದು ಮಾತಾಡಿದ್ದರು. ಒಂದು ಗಂಟೆ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದರು. ಅದರಲ್ಲಿ ಬಹಳಷ್ಟು ಮರೆತುಹೋಗಿದೆ, ಕೊನೆಯ ಪ್ರಶ್ನೋತ್ತರ ಮಾತ್ರ ಮರೆತಿಲ್ಲ. ‘ಸಾರ್, ಜೋಕು ಹೊಳೆಯದೇ ಇರೋ ದಿನ ಏನು ಮಾಡ್ತೀರಿ?’ ಅಂತ ಒಬ್ಬ ಕೇಳಿದ. ‘ಅವತ್ತೂ ಬರೀತೀನಪ್ಪ. ಬೆಳಿಗ್ಗೆ ಕಲಾವಿದರು ಮೇಕಪ್ ಹಾಕ್ಕೊಂಡು ಕೂತಿರ್ತಾರೆ’ ಅಂದರು. ಎಲ್ಲರೂ ನಕ್ಕರು. ಅವರು ನಗಲಿಲ್ಲ.

ಆ ಉತ್ತರದ ತೂಕ ಗೊತ್ತಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕನ್ನಡದಲ್ಲಿ ನಗಿಸಿದ ದೊಡ್ಡವರನ್ನ ಸಾಲಾಗಿ ನಿಲ್ಲಿಸಿ ನೋಡಿ. ಟಿ. ಪಿ. ಕೈಲಾಸಂ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು ಸರ್ಕಾರಿ ಕೆಲಸಕ್ಕೆ ಸೇರಿದ್ದವರು. ನಾ. ಕಸ್ತೂರಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮೇಷ್ಟ್ರು. ಬೀಚಿ ಪೊಲೀಸ್ ಇಲಾಖೆಯ ನೌಕರ. ರಾಶಿ, ಅಂದರೆ ಎಂ. ಶಿವರಾಂ, ಡಾಕ್ಟರು. ನಾಟಕ ಆಡಿದವರೂ ಹೆಚ್ಚುಕಮ್ಮಿ ಹೀಗೆಯೇ. 1909ರಲ್ಲಿ ಬೆಂಗಳೂರಿನಲ್ಲಿ ಶುರುವಾದ ನಾಟಕ ಸಂಘದ ಹೆಸರಿನಲ್ಲೇ ‘ಅಮೆಚೂರ್’ ಅನ್ನೋ ಪದ ಇತ್ತು. ಹೊಟ್ಟೆಪಾಡಿಗೆ ಒಂದು ಕೆಲಸ, ಅದು ಮುಗಿದ ಮೇಲೆ ನಗು.

ರಾಶಿಯವರು 1942ರಲ್ಲಿ ‘ಕೊರವಂಜಿ’ ಅನ್ನೋ ಹಾಸ್ಯ ಮಾಸಪತ್ರಿಕೆ ಶುರು ಮಾಡಿದರು. ಆರ್. ಕೆ. ಲಕ್ಷ್ಮಣ್ ತಮ್ಮ ಆರಂಭದ ದಿನಗಳಲ್ಲಿ ಅದಕ್ಕೆ ಚಿತ್ರ ಬರೆದರು. ಪತ್ರಿಕೆ 1967ರಲ್ಲಿ ನಿಂತಿತು. 25 ವರ್ಷ, ತಿಂಗಳಿಗೊಂದು ಅಂತ ಲೆಕ್ಕ ಹಾಕಿದರೆ ಸುಮಾರು 300 ಸಂಚಿಕೆ.

ಈಗ ಟಿವಿಗೆ ಬನ್ನಿ. 80ರ ದಶಕದಲ್ಲಿ ದೂರದರ್ಶನದ ‘ಸಿಹಿಕಹಿ’ ಬಂದಾಗ ಧಾರಾವಾಹಿ ಅಂದರೆ ವಾರವಿಡೀ ಕಾಯುವಂಥದ್ದು. 2000ದಲ್ಲಿ ಈಟಿವಿ ಕನ್ನಡ ಶುರುವಾಯ್ತು. ಆಮೇಲೆ ಹಾಸ್ಯ ದಿನಾ ಮನೆಗೆ ಬರೋಕೆ ಶುರುವಾಯ್ತು, ಹಾಲಿನ ಪ್ಯಾಕೆಟ್ ಥರ. ವಾರಕ್ಕೆ 5 ಕಂತು ಅಂದರೆ ವರ್ಷಕ್ಕೆ 260. ಕೊರವಂಜಿ 25 ವರ್ಷದಲ್ಲಿ ತಲುಪಿದ ಸಂಖ್ಯೆಯನ್ನ ಡೈಲಿ ಧಾರಾವಾಹಿ 14 ತಿಂಗಳಲ್ಲಿ ದಾಟುತ್ತೆ. ಅದರ ಬಹುಪಾಲು ಭಾರ ಒಬ್ಬಿಬ್ಬರ ಪೆನ್ನಿನ ಮೇಲೆ. ಹಾಗಾಗಿಯೇ ಅದೇ ಮನೆ, ಅದೇ ಸೋಫಾ, ಹೆಂಡತಿಗೆ ಹೆದರುವ ಅದೇ ಪಾಂಡು. ಹೊಸ ಸೆಟ್ ಹಾಕೋಕೆ ದುಡ್ಡೂ ಇಲ್ಲ, ಟೈಮೂ ಇಲ್ಲ. ಇದ್ದ ನಾಲ್ಕು ಗೋಡೆಯೊಳಗೇ ಇವತ್ತಿನ ಎಡವಟ್ಟು ಹುಟ್ಟಬೇಕು. ಡ್ಯೂಟಿ ಮುಗಿದ ಮೇಲಿನ ನಗು ತಾನೇ ಡ್ಯೂಟಿ ಆಯ್ತು.

ಡ್ಯೂಟಿ, ಶಿಫ್ಟು ಅನ್ನೋ ಪದಗಳನ್ನ ನಾನು ಕಲಿತಿದ್ದು ಶಿವಮೊಗ್ಗದಿಂದ 20 ಕಿಲೋಮೀಟರ್ ಆಚೆಗಿರುವ ಭದ್ರಾವತಿಯಿಂದ. ನಮ್ಮ ಕಡೆ ಹಳ್ಳಿಗಳಲ್ಲಿ ‘ಫ್ಯಾಕ್ಟ್ರಿ ಕೆಲಸ’ ಅಂದರೆ ಎರಡೇ: 1918ರಲ್ಲಿ ಹುಟ್ಟಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ. ಎಂಟು ಗಂಟೆ ಕುಲುಮೆ ಮುಂದೆ ಬೆಂದರೂ ಆಮೇಲಿನ ಹೊತ್ತು ಕೆಲಸಗಾರನದ್ದೇ. ನಟ ದೊಡ್ಡಣ್ಣ ಸಿನಿಮಾಕ್ಕೆ ಹೋಗುವ ಮೊದಲು ಇದೇ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಅವರ ಹಾಸ್ಯದ ಆ ಗಟ್ಟಿ ದನಿ ಕೇಳಿದಾಗಲೆಲ್ಲ ನಮ್ಮೂರಿನವರು ‘ಮಿಷನ್ ಸದ್ದಿನ ಮೇಲೆ ಕೂಗಿ ಕೂಗಿ ಬಂದಿದ್ದು ಕಣೋ’ ಅಂತಿದ್ದರು. ನಿಜವೋ ತಮಾಷೆಯೋ, ಹೇಳುವಾಗ ಮುಖದಲ್ಲಿ ಹೆಮ್ಮೆಯಂತೂ ಇರ್ತಿತ್ತು.

1965ರಲ್ಲಿ ಈ ಊರಿಗೆ ಆಕಾಶವಾಣಿಯೂ ಬಂತು. ರಾಜಧಾನಿಯಲ್ಲದ ಒಂದು ಕಾರ್ಖಾನೆ ಊರಿಗೆ ತನ್ನದೇ ರೇಡಿಯೋ ಕೇಂದ್ರ! ಸುತ್ತಮುತ್ತಲಿನವರ ನಾಟಕ, ಹರಟೆಗಳಿಗೆ ಅದೊಂದು ಬಾಗಿಲು.

ಈಗ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾದವು. ಉಕ್ಕಿನ ಕಾರ್ಖಾನೆಯನ್ನ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು, ಕಾರ್ಮಿಕರು ಬೀದಿಗಿಳಿದರು. ಆವಾಗ ಪೇಪರಿನಲ್ಲಿ ಬಂದಿದ್ದೆಲ್ಲ ಎಷ್ಟು ಸಂಬಳ ಹೋಗುತ್ತೆ ಅನ್ನೋ ಲೆಕ್ಕ. ಸರಿಯೇ, ಮೊದಲು ಹೊಟ್ಟೆ. ಆದರೆ ಸಂಬಳದ ಜೊತೆ ಇನ್ನೊಂದೂ ಹೋಗುತ್ತೆ: ಡ್ಯೂಟಿ ಮುಗಿದ ಮೇಲೆ ನಾಟಕದ ಪ್ರಾಕ್ಟೀಸಿಗೆ ಸೇರುವ ಹತ್ತು ಜನ ಒಂದೇ ಊರಿನಲ್ಲಿ ಇರುವ ಭಾಗ್ಯ.

ನಮ್ಮ ಕಾಲದಲ್ಲಿ ಹಾಸ್ಯ ಬರೆಯೋರು ಕಮ್ಮಿಯಾದರು, ಬರೀ ರೀಲ್ಸೇ ಆಯ್ತು ಅಂತ ಗೊಣಗುವವರಿದ್ದಾರೆ. ನನಗೆ ಹಾಗನ್ನಿಸಲ್ಲ. ಕ್ಯೂಬಿಕಲ್ಲುಗಳಲ್ಲಿ ಎಂಥೆಂಥಾ ಮಾತುಗಾರರಿದ್ದಾರೆ! ಬೀಚಿಯವರಿಗೂ ಕಚೇರಿ ಇತ್ತು, ಆದರೆ ಅದು ಸಂಜೆ ಬಾಗಿಲು ಹಾಕ್ತಿತ್ತು. ನಮ್ಮ ಕಚೇರಿ ಜೇಬಿನಲ್ಲೇ ಇರುತ್ತೆ, ರಾತ್ರಿ 11ಕ್ಕೂ ‘ಟಿಣ್’ ಅನ್ನುತ್ತೆ. ಕಮ್ಮಿಯಾಗಿರೋದು ನಗಿಸುವವರಲ್ಲ, ಡ್ಯೂಟಿ ಮುಗಿದ ಮೇಲಿನ ಹೊತ್ತು.