ಕಂಪ್ಯೂಟರ್ ಚಾಲೂ, ಪರದೆ ಖಾಲಿ: ದೋಷ ಪತ್ತೆ ಹೇಗೆ?

ಬೆಂಗಳೂರು: ಗುಂಡಿ ಒತ್ತಿದೊಡನೆ ಸಿಪಿಯು ಪೆಟ್ಟಿಗೆಯ ದೀಪ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ, ಆದರೆ ಮಾನಿಟರ್ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡಿರುವ ಟಿ. ದಾಸರಹಳ್ಳಿಯ ಸಣ್ಣ ಕಾರ್ಖಾನೆ, ಝೆರಾಕ್ಸ್ ಅಂಗಡಿಗಳಿಗೆ ಇದು ಬರಿಯ ಯಂತ್ರದ ದೋಷವಲ್ಲ. ಮಾಸಿಕ ಜಿಎಸ್‌ಟಿಆರ್-3ಬಿ ಸಲ್ಲಿಕೆಗೆ 20ನೇ ತಾರೀಖು ಕೊನೆಯ ದಿನ. 19ರ ಸಂಜೆ ಪರದೆ ಖಾಲಿಯಾದರೆ ವರ್ಷದ ಲೆಕ್ಕವೆಲ್ಲ ಹೋಯಿತೆಂಬ ಗಾಬರಿ ಸಹಜ. ವಾಸ್ತವವಾಗಿ ಇಂತಹ ಸಂದರ್ಭಗಳಲ್ಲಿ ಲೆಕ್ಕ ಇರುವ ಹಾರ್ಡ್ ಡಿಸ್ಕ್‌ಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ.

ಮೊದಲು ಕೀಲಿಮಣೆಯ ನಮ್ ಲಾಕ್ ಕೀಲಿಯನ್ನು ಒತ್ತಿ ನೋಡಬೇಕು. ಅದರ ದೀಪ ಆರಿ ಹತ್ತಿದರೆ ಯಂತ್ರ ಒಳಗೆ ಎಚ್ಚರವಾಗಿದೆ, ದೋಷ ಬಹುಮಟ್ಟಿಗೆ ಮಾನಿಟರ್, ಕೇಬಲ್ ಅಥವಾ ಗ್ರಾಫಿಕ್ಸ್ ಭಾಗದಲ್ಲಿದೆ ಎಂದರ್ಥ. ಮಾನಿಟರ್ ಬೇರೆ ಇನ್‌ಪುಟ್‌ಗೆ ಹೊಂದಿಸಲ್ಪಟ್ಟಿರಬಹುದು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಕೇಬಲ್ಲನ್ನು ಮದರ್‌ಬೋರ್ಡ್‌ನ ಕಿಂಡಿಗೆ ಚುಚ್ಚುವುದು ಪದೇ ಪದೇ ಕಾಣುವ ತಪ್ಪು. ಇಂಟೆಲ್‌ನ ‘ಎಫ್’ ಅಕ್ಷರದಿಂದ ಮುಗಿಯುವ ಪ್ರೊಸೆಸರ್‌ಗಳಲ್ಲಂತೂ ಆಂತರಿಕ ಗ್ರಾಫಿಕ್ಸ್ ಇಲ್ಲದಿರುವುದರಿಂದ ಆ ಕಿಂಡಿಯಿಂದ ಚಿತ್ರ ಬರುವುದೇ ಇಲ್ಲ. ಕತ್ತಲ ಪರದೆಯ ಮೇಲೆ ಟಾರ್ಚ್ ಹಿಡಿದಾಗ ಚಿತ್ರ ಮಸುಕಾಗಿ ಕಂಡರೆ ಕೆಟ್ಟಿರುವುದು ಮಾನಿಟರಿನ ಹಿಂಬೆಳಕು.

ನಮ್ ಲಾಕ್ ಸ್ಪಂದಿಸದಿದ್ದಲ್ಲಿ ಅನುಮಾನ ರ‍್ಯಾಮ್‌ನ ಕಡೆಗೆ ತಿರುಗಬೇಕು. ಲೇತ್ ಯಂತ್ರಗಳ ನೆರೆಯಲ್ಲಿ, ತುಮಕೂರು ರಸ್ತೆಯ ಧೂಳಿನಲ್ಲಿ ವರ್ಷಗಟ್ಟಲೆ ಇದ್ದ ಪೆಟ್ಟಿಗೆಯಲ್ಲಿ ರ‍್ಯಾಮ್‌ನ ಬಂಗಾರ ಬಣ್ಣದ ಅಂಚಿಗೆ ಕೊಳೆ ಕಟ್ಟಿ ಸಂಪರ್ಕ ತಪ್ಪುತ್ತದೆ. ವಿದ್ಯುತ್ ವಯರನ್ನು ಗೋಡೆಯಿಂದ ಕಿತ್ತು, ಪವರ್ ಗುಂಡಿಯನ್ನು ಕೆಲ ಸೆಕೆಂಡ್ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಹರಿಯಬಿಡಬೇಕು. ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ ಕಳೆದ ಬಳಿಕವೇ ರ‍್ಯಾಮ್ ಪಟ್ಟಿ ತೆಗೆದು, ಮೃದುವಾದ ರಬ್ಬರಿನಿಂದ ಅಂಚನ್ನು ಉಜ್ಜಿ, ಪುಡಿ ಒರೆಸಿ, ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಬೇಕು. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿದಾಗ ಕೆಟ್ಟದ್ದು ಯಾವುದೆಂದು ತಿಳಿಯುತ್ತದೆ. ಹೊಸ ಡಿಡಿಆರ್5 ಯಂತ್ರಗಳು ರ‍್ಯಾಮ್ ಬದಲಿಸಿದ ನಂತರ ಮೊದಲ ಬಾರಿ ಕೆಲವು ನಿಮಿಷ ಕತ್ತಲಾಗಿಯೇ ಇರಬಹುದು, ಅವಸರದಿಂದ ಆರಿಸಬಾರದು.

ಬೀಪ್ ಶಬ್ದವೂ ಸುಳಿವು ನೀಡುತ್ತದೆ. ಅವಾರ್ಡ್ ಬಯೋಸ್‌ನಲ್ಲಿ ಒಂದು ದೀರ್ಘ, ಎರಡು ಹ್ರಸ್ವ ಶಬ್ದ ಬಂದರೆ ವಿಡಿಯೊ ದೋಷ. ಇತ್ತೀಚಿನ ಹಲವು ಮದರ್‌ಬೋರ್ಡ್‌ಗಳು ಶಬ್ದದ ಬದಲು ಸಣ್ಣ ದೀಪಗಳಿಂದ ಇದನ್ನೇ ತಿಳಿಸುತ್ತವೆ. ಮದರ್‌ಬೋರ್ಡ್ ಮೇಲಿನ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಮನೆಮದ್ದು ಸಾಕಾಗದು. ಎಸ್‌ಎಂಪಿಎಸ್ ಅನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಕೂಡದು. ವಯರ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಇಷ್ಟಾದರೂ ಬೆಳಕು ಬಾರದಿದ್ದರೆ ರಿಪೇರಿಯವರೇ ಗತಿ. ಆದರೆ ತಯಾರಕ ಕಂಪನಿಯ ಲಾಂಛನವೂ ಮೂಡದ ಯಂತ್ರಕ್ಕೆ ‘ಫಾರ್ಮ್ಯಾಟ್ ಮಾಡಬೇಕು’ ಎನ್ನುವವರ ಮಾತನ್ನು ನಂಬುವಂತಿಲ್ಲ. ವಿಂಡೋಸ್ ಆರಂಭವಾಗುವ ಮುನ್ನವೇ ನಿಂತ ಯಂತ್ರ ಫಾರ್ಮ್ಯಾಟ್‌ನಿಂದ ಸರಿಹೋಗದು, ಅಳಿಯುವುದು ಲೆಕ್ಕ ಮಾತ್ರ. ಹಾರ್ಡ್ ಡಿಸ್ಕ್ ಕಳಚಿ ಇಟ್ಟುಕೊಂಡೇ ಪೆಟ್ಟಿಗೆಯನ್ನು ಒಪ್ಪಿಸುವುದು ಕ್ಷೇಮ. ಸಾಟಾದಿಂದ ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಇದ್ದರೆ ಅದೇ ಡಿಸ್ಕನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ಕೆಲಸ ಮುಂದುವರಿಸಬಹುದು. ಬಿಟ್‌ಲಾಕರ್ ಬೀಗವಿದ್ದಲ್ಲಿ ಅದರ 48 ಅಂಕಿಗಳ ಮರುಪ್ರಾಪ್ತಿ ಕೀಲಿ ಕೈಯಲ್ಲಿರಬೇಕು. ಇಂತಹ ಬಿಡಿಭಾಗಗಳಿಗೆ ಎಸ್.ಪಿ. ರಸ್ತೆ ಹೆಸರುವಾಸಿ, ದಾಸರಹಳ್ಳಿಯಿಂದ ಹಸಿರು ಮಾರ್ಗದ ಮೆಟ್ರೊದಲ್ಲಿ ಚಿಕ್ಕಪೇಟೆಗೆ ಇಳಿದರೆ ಅದು ಸಮೀಪ.

ಮದರ್‌ಬೋರ್ಡ್‌ನ 3 ವೋಲ್ಟ್ ಸಿಆರ್2032 ಬ್ಯಾಟರಿ ತೆಗೆದು ಹಾಕಿದ್ದಲ್ಲಿ ದಿನಾಂಕ ಹಿಂದಕ್ಕೆ ಹೋಗಿರುತ್ತದೆ. ಪರದೆ ಮರಳಿದ ಕೂಡಲೇ ಅದನ್ನು ಸರಿಪಡಿಸಬೇಕು, ಇಲ್ಲವಾದಲ್ಲಿ ಬ್ರೌಸರ್ ಭದ್ರತಾ ದೋಷವೆಂದು ಸಾರಿ ಜಿಎಸ್‌ಟಿ ಜಾಲತಾಣವನ್ನು ತೆರೆಯಲು ಒಪ್ಪದಿರಬಹುದು.